ಬಿಳಿಯ ಪಾಲು

ನನ್ನ ಗಂಡ ಜರ್ವೇಸ್‌ನನ್ನು ಮಣ್ಣು ಮಾಡಿದ ಮಾರನೆಯ ದಿನ ಬಾಸ್ಟನ್ ಪಟ್ಟಣದಿಂದ ಚಿತ್ರಗಾರ ಪ್ರಿವೆಟ್ ಬಂದ. ಮನೆಯ ಮುಂಬಾಗಿಲ ಮೇಲೆ ಸಾವಿನ ಹಲಗೆ ತೂಗುಹಾಕಬೇಕಿತ್ತು. ಇಂಗ್ಲೆಂಡಿನ ಈ ಲಿಂಕನ್‌ಶೈರ್ ಸೀಮೆಯ ಹಳೆಯ ಮನೆತನಗಳಲ್ಲಿ ಅದಿಲ್ಲದೆ ಸಾವು ಪೂರ್ತಿಯಾಗುವುದಿಲ್ಲ. ಒಂದು ವರ್ಷ ಹಲಗೆ ಬಾಗಿಲ ಮೇಲಿರುತ್ತದೆ. ಆಮೇಲೆ ಚರ್ಚಿನ ಗೋಡೆಗೆ ಹೋಗುತ್ತದೆ. ಅಲ್ಲಿಂದ ಅದನ್ನು ಯಾರೂ ಇಳಿಸುವುದಿಲ್ಲ.

ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತಿರುವ ಆ ಹಲಗೆಯ ನಡುವೆ ಒಂದು ಗುರಾಣಿ. ನೋಡುವವರ ಎಡಕ್ಕೆ ಗಂಡನ ಮನೆತನದ ಗುರುತು, ಬಲಕ್ಕೆ ಹೆಂಡತಿಯ ತವರಿನ ಗುರುತು. ಆದರೆ ದಾರಿಹೋಕರು ಮೊದಲು ನೋಡುವುದು ಗುರಾಣಿಯನ್ನಲ್ಲ, ಅದರ ಹಿಂದಿನ ಬಣ್ಣವನ್ನು. ಸತ್ತವರ ಹಿಂದೆ ಕಪ್ಪು, ಬದುಕಿರುವವರ ಹಿಂದೆ ಬಿಳಿ. ಅಕ್ಷರ ಬಾರದ ಗಾಡಿಯವನೂ ಅದನ್ನು ಓದಬಲ್ಲ. ಎಡಕ್ಕೆ ಕಪ್ಪು ಬಲಕ್ಕೆ ಬಿಳಿ ಇದ್ದರೆ, ಯಜಮಾನ ಹೋದ, ಒಳಗೆ ವಿಧವೆ ಇದ್ದಾಳೆ ಎಂದು ಟೋಪಿ ತೆಗೆದು ಮುಂದೆ ಹೋಗುತ್ತಾನೆ.

ಪ್ರಿವೆಟ್ ಹಜಾರದ ಮೇಜಿನ ಮೇಲೆ ಕಾಗದ ಹರಡಿ ಇದ್ದಿಲ ಕಡ್ಡಿಯಲ್ಲಿ ಎಡಭಾಗವನ್ನು ಬಿಡಿಸಿದ. ನೀಲಿ ನೆಲದ ಮೇಲೆ ಮೂರು ಬೆಳ್ಳಿ ಕೊಕ್ಕರೆ, ಲ್ಯಾಂಗ್‌ರಿಕ್ ಮನೆತನದ್ದು. ಅದು ಅವನಿಗೆ ಬಾಯಿಪಾಠ. ಬಲಭಾಗಕ್ಕೆ ಬಂದಾಗ ಕಡ್ಡಿ ನಿಂತಿತು.

"ಮೊದಲನೇ ಅಮ್ಮಾವ್ರದ್ದು ಗೊತ್ತು, ಕೆಂಪಿನ ಮೇಲೆ ಚಿನ್ನದ ತೆನೆಕಟ್ಟು. ತಮ್ಮ ತಂದೆಯವರ ಕಡೆ ಯಾವುದು, ತಾಯಿ?"

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯ ಹತ್ತಿರ ಕುಳಿತಿದ್ದ ಲೆಟಿಸ್ ಅತ್ತಿಗೆ ಉತ್ತರ ಕೊಟ್ಟರು. ಅವರು ನನ್ನ ಗಂಡನ ಅಕ್ಕ. ಮದುವೆಯಾದವರಲ್ಲ. ಈ ಮನೆಯಲ್ಲೇ ಹುಟ್ಟಿ ಈ ಮನೆಯಲ್ಲೇ ತಲೆ ಬೆಳ್ಳಗಾದವರು.

"ಅವಳ ಕಡೆ ಏನೂ ಇಲ್ಲ ಪ್ರಿವೆಟ್. ಅವಳಪ್ಪ ನಿಮ್ಮೂರಲ್ಲೇ ಹಗ್ಗ ಹೊಸೀತಿದ್ದ."

"ಗೊತ್ತು ತಾಯಿ. ನನ್ನ ಏಣಿಗೆ ಕಟ್ಟಿರೋ ಹಗ್ಗ ಅವರ ಅಂಗಡೀದೇ. ಇನ್ನೂ ಒಂದು ಎಳೆ ಬಿಟ್ಟಿಲ್ಲ."

"ಹಾಗಾದ್ರೆ ಅದನ್ನ ಏಣಿಗೇ ಇಟ್ಕೋ. ಗುರಾಣಿಗೆ ಬೇಡ. ಜರ್ವೇಸ್ ಮತ್ತು ಆಗಸ್ಟಾ, ಇಬ್ಬರದ್ದೇ ಬರಿ."

ಪ್ರಿವೆಟ್ ನನ್ನ ಕಡೆ ನೋಡಿದ. "ಅವರಿಬ್ಬರೂ ಹೋದೋರು, ಹಾಗೆ ಬರೆದರೆ ಹಿನ್ನೆಲೆ ಪೂರ್ತಿ ಕಪ್ಪಾಗುತ್ತಮ್ಮ. ಬಿಳಿಗೆ ಜಾಗ ಇರಲ್ಲ."

"ನಿಮ್ಮ ಪದ್ಧತಿ ಹೇಗಿದೆಯೋ ಹಾಗೇ ಆಗಲಿ," ಎಂದೆ.

ಆ ದಿನ ನನಗೆ ಬಣ್ಣಗಳ ಯೋಚನೆ ಇರಲಿಲ್ಲ. ಗಂಡನ ಹಾಸಿಗೆಯ ಪಕ್ಕದ ಕುರ್ಚಿಯನ್ನು ಯಾರೋ ಮತ್ತೆ ಗೋಡೆಗೆ ಸರಿಸಿಟ್ಟಿದ್ದರು. ಬೆಳಿಗ್ಗೆಯಿಂದ ಅದೊಂದೇ ನನ್ನ ಕಣ್ಣ ಮುಂದಿತ್ತು. ಕಾಯಿಲೆಯ ಅಷ್ಟೂ ತಿಂಗಳು ನಾನು ಆ ಕುರ್ಚಿಯಲ್ಲಿ ಕುಳಿತಿದ್ದೆ. ಈಗ ನಾನು ಎಲ್ಲಿ ಕೂರಬೇಕು ಎಂಬುದೇ ತಿಳಿಯುತ್ತಿರಲಿಲ್ಲ.

ನಾನು ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅಪ್ಪನ ಅಂಗಡಿಗೆ ದೋಣಿಯ ಹಗ್ಗ ಕೊಳ್ಳಲು ಬಂದ ಜರ್ವೇಸ್ ನನ್ನನ್ನು ಮದುವೆಯಾಗಿ ಇಲ್ಲಿಗೆ ಕರೆತಂದಾಗ ಊರಲ್ಲಿ ನನ್ನನ್ನು ಹಗ್ಗದಮ್ಮ ಎನ್ನುತ್ತಿದ್ದರು. ಕೂಲಿಯವರು ನಗುತ್ತಾ ಅನ್ನುತ್ತಿದ್ದರು, ದೊಡ್ಡ ಮನೆಗಳವರು ನಗದೆ ಅನ್ನುತ್ತಿದ್ದರು. ಇದಕ್ಕೆಲ್ಲ ಉತ್ತರ ಕೊಡುವುದಕ್ಕಿಂತ ಯಾವುದಕ್ಕೂ ಆಸೆಪಡದೆ ಇರುವುದು ಸುಲಭ ಎಂದು ನಾನು ಬೇಗ ಕಲಿತೆ. ಚರ್ಚಿನಲ್ಲಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಊಟದ ಮೇಜಿನಲ್ಲಿ ಅತ್ತಿಗೆ ಬಡಿಸಿಕೊಂಡ ಮೇಲೆ ಬಡಿಸಿಕೊಳ್ಳುತ್ತಿದ್ದೆ. ಇದನ್ನು ವಿನಯ ಎಂದು ಜನ ಹೊಗಳಿದರು. ನಾನೂ ಹಾಗೆಂದೇ ತಿಳಿದಿದ್ದೆ.

ಹಲಗೆ ಬಾಗಿಲ ಮೇಲೇರಿತು. ಎಡಕ್ಕೆ ಕೊಕ್ಕರೆ, ಬಲಕ್ಕೆ ತೆನೆಕಟ್ಟು, ಸುತ್ತ ಕಪ್ಪು.

ದಾಳಿಂಬರೆಯಷ್ಟು ದಪ್ಪನೆಯ ಕ್ವಿನ್ಸ್ ಹಣ್ಣುಗಳು ಮಾಗುವ ಕಾಲಕ್ಕೆ ಒಬ್ಬರು ಅತಿಥಿ ಬಂದರು. ನಾನು ಹಿತ್ತಲಿನಿಂದ ಮಡಿಲು ತುಂಬ ಹಣ್ಣು ಹೊತ್ತು ಮನೆಯ ಮುಂಭಾಗಕ್ಕೆ ಸುತ್ತಿಕೊಂಡು ಬರುತ್ತಿದ್ದೆ. ಸಮುದ್ರದ ಕಡೆಯ ಗಾಳಿಗೆ ವಿಧವೆಯ ಬಿಳಿ ಟೊಪ್ಪಿಗೆ ನಿಲ್ಲುವುದಿಲ್ಲವೆಂದು ತಲೆಗೆ ಕರಿ ವಸ್ತ್ರ ಬಿಗಿದಿದ್ದೆ. ಮನೆಯ ಆಳುಗಳೆಲ್ಲ ಆ ವರ್ಷ ಕಪ್ಪನ್ನೇ ಉಟ್ಟಿದ್ದರು. ನನ್ನ ಹಳೆಯ ಕರಿ ಉಡುಪಿಗೂ ಅವರದಕ್ಕೂ ಅಂಥ ವ್ಯತ್ಯಾಸವಿರಲಿಲ್ಲ.

ಬಾಡಿಗೆ ಗಾಡಿ ಬಾಗಿಲಲ್ಲಿ ನಿಂತಿತ್ತು. ಒಬ್ಬ ಮುದುಕರು ಟೋಪಿ ಕೈಯಲ್ಲಿ ಹಿಡಿದು, ಕತ್ತೆತ್ತಿ ಹಲಗೆಯನ್ನು ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕಂಡರು.

"ಮನೆ ನೋಡ್ಕೊಳ್ಳೋಳು ನೀನೇನಮ್ಮ?"

"ಹೌದು," ಎಂದೆ. ಅದು ಸುಳ್ಳಾಗಿರಲಿಲ್ಲ.

"ಸ್ಕೆಲ್ಡನ್ ಬಂದಿದಾನೆ ಅಂತ ಮಿಸ್ ಲೆಟಿಸ್‌ಗೆ ಹೇಳು. ನಾನೂ ಜರ್ವೇಸೂ ಒಟ್ಟಿಗೆ ಓದಿದೋರು. ನಾನು ಉತ್ತರದ ಗಡೀಲಿ ಹೋಗಿ ಕೂತೆ, ಇಬ್ಬರೂ ಸೋಮಾರಿಗಳು, ಕಾಗದ ಬರೆಯೋದೇ ಬಿಟ್ಟುಬಿಟ್ವಿ. ಪತ್ರಿಕೇಲಿ ನೋಡಿದ ಮೇಲೆ ಗೊತ್ತಾಯ್ತು." ಅವರು ಮತ್ತೆ ಮೇಲೆ ನೋಡಿದರು. "ಆಗಸ್ಟಾ ಹೋದಾಗ ನಾನಿಲ್ಲೇ ಇದ್ದೆ. ಚಿಕ್ಕ ಹುಡುಗಿ, ಜ್ವರ ಬಂದು ಹೋಗಿಬಿಟ್ಟಳು. ಅವನು ಮತ್ತೆ ಮದುವೆ ಮಾಡ್ಕೊಳ್ಳಲೇ ಇಲ್ಲ ಅಂತಾಯ್ತು. ಪಾಪ, ಒಂಟಿ ಜೀವ. ಕೊನೇಗಾಲಕ್ಕೆ ಹತ್ತಿರ ಯಾರಾದರೂ ಇದ್ದರಾ?"

"ನಾನಿದ್ದೆ."

"ದೇವರು ನಿನ್ನ ಚೆನ್ನಾಗಿಟ್ಟಿರಲಿ. ಒಳ್ಳೆ ಆಳು ಸಿಗೋದೂ ಪುಣ್ಯ ಕಣಮ್ಮ."

ಅವರು ಟೋಪಿಯನ್ನೂ ಕೈಗವಸನ್ನೂ ನನ್ನ ಕಡೆ ಚಾಚಿದರು. ನನ್ನ ಮಡಿಲು ತುಂಬಿತ್ತು. ಹಣ್ಣುಗಳನ್ನು ಮೆಟ್ಟಿಲ ಮೇಲೆ ಸುರಿದು ನಾನು ಅವನ್ನು ತೆಗೆದುಕೊಂಡೆ.

ಅವರಲ್ಲಿ ಸೊಕ್ಕಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಬಾಗಿಲ ಮೇಲೆ ಬರೆದದ್ದನ್ನು ಓದಿದ್ದರು, ಓದಿದ್ದನ್ನು ನಂಬಿದ್ದರು. ಹಾಗೆ ಓದುವುದನ್ನು ಮಗುವಾಗಿದ್ದಾಗಲೇ ಕಲಿತ ಮನುಷ್ಯ ಅವರು. ಇಂಥ ತಪ್ಪು ಅವರಂಥವರಿಗೆ ಮಾತ್ರ ಸಾಧ್ಯ. ನಮ್ಮಪ್ಪನ ಅಂಗಡಿಯ ಕೂಲಿಯವನು ಬಂದಿದ್ದರೆ ಹಲಗೆಯ ಕಡೆ ನೋಡದೆ ನನ್ನ ಮುಖ ನೋಡುತ್ತಿದ್ದ, ಅಮ್ಮಾವ್ರೇ ಸೊರಗಿಬಿಟ್ಟಿದ್ದೀರಿ ಎನ್ನುತ್ತಿದ್ದ.

ಅವರನ್ನು ಹಜಾರದೊಳಕ್ಕೆ ಬಿಟ್ಟು, ಅತ್ತಿಗೆಗೆ ಹೇಳಿ ಕಳಿಸಿ, ನಾನು ಟೀ ತಟ್ಟೆ ಸಿದ್ಧಮಾಡಿಸಲು ಹೋದೆ. ತಟ್ಟೆ ಹಿಡಿದ ಹುಡುಗಿಯ ಹಿಂದೆ ನಾನೂ ಬಂದೆ. ಒಳಗೆ ಹೋಗಿ ಅವರಿಗೆ ನಿಜ ಹೇಳಬೇಕು, ಅವರಿಗೆ ಹೆಚ್ಚು ಮುಜುಗರವಾಗದಂತೆ ನಗುತ್ತಲೇ ಹೇಳಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ. ಹುಡುಗಿ ತಟ್ಟೆಯನ್ನು ಒಳಗಿಟ್ಟು ಬಂದಳು, ಬಾಗಿಲು ಅರ್ಧ ತೆರೆದಿತ್ತು.

"ನಿಮ್ಮ ಮನೆ ನೋಡ್ಕೊಳ್ಳೋ ಹೆಂಗಸು ಒಳ್ಳೇವಳು, ಲೆಟಿಸ್," ಸ್ಕೆಲ್ಡನ್ ಹೇಳುತ್ತಿದ್ದರು. "ಕೊನೇವರೆಗೂ ಅವನ ಹತ್ತಿರಾನೇ ಇದ್ದಳಂತೆ."

ಚಮಚ ಬಟ್ಟಲಿಗೆ ತಗುಲಿದ ಸದ್ದು.

"ಹೌದು," ಎಂದರು ಅತ್ತಿಗೆ. "ಇದ್ದಳು. ಒಳ್ಳೇವಳು."

ನಾನು ಒಳಗೆ ಹೋಗಲಿಲ್ಲ.

ಗಾಡಿ ಹೊರಟುಹೋದ ಮೇಲೆ ಅತ್ತಿಗೆ ಅಡುಗೆಮನೆಗೆ ತಾವೇ ಬಂದರು. ಅವರು ಅಲ್ಲಿಗೆ ಬರುವುದು ಅಪರೂಪ. ನಾನು ಕ್ವಿನ್ಸ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದೆ. ಗಟ್ಟಿ ಹಣ್ಣು. ಚಾಕು ಜಾರುತ್ತದೆ.

"ಅತ್ತಿಗೆ, ನಾನು ಯಾರು ಅಂತ ನೀವು ಅವರಿಗೆ ಹೇಳಲಿಲ್ಲ."

"ನೀನೂ ಹೇಳಲಿಲ್ಲವಂತೆ."

"ನನಗೆ ಬಾಯಿ ಬರಲಿಲ್ಲ. ಹಲಗೆ ಮೊದಲೇ ಹೇಳಿಬಿಟ್ಟಿತ್ತು."

"ಅವನೊಬ್ಬ ಮುದುಕ, ಡಾರ್ಕಸ್. ಊರು ಸೇರೋ ಹೊತ್ತಿಗೆ ಮರೀತಾನೆ."

"ಅವರು ಮರೀತಾರೆ. ಹಲಗೆ ಚರ್ಚಿಗೆ ಹೋಗುತ್ತಲ್ಲ, ಅದು ಮರೆಯಲ್ಲ. ಇನ್ನು ನೂರು ವರ್ಷಕ್ಕೆ ಅಲ್ಲಿ ನಿಂತು ಓದೋರು ಏನಂತಾರೆ? ಜರ್ವೇಸ್ ಹೆಂಡತಿ ಸತ್ತ ಮೇಲೆ ಒಬ್ಬನೇ ಬದುಕಿ, ಒಬ್ಬನೇ ಸತ್ತ ಅಂತಾರೆ. ನನ್ನನ್ನ ಬಿಡಿ. ನಿಮ್ಮ ತಮ್ಮನ ಮೇಲೇ ಸುಳ್ಳು ಬರೆದ ಹಾಗಾಯ್ತಲ್ಲ."

"ಈಗ ಏನು ಮಾಡಬೇಕು ಅಂತೀಯ?"

"ಪ್ರಿವೆಟ್‌ನ ಕರೆಸ್ತೀನಿ. ನನ್ನ ಪಾಲಿನ ಬಿಳಿ ಹಾಕಿಸ್ತೀನಿ."

ಅತ್ತಿಗೆ ನಕ್ಕರು. "ಬಿಳಿ ಹಾಕಿಸಬೇಕಾದ್ರೆ ಅದರ ಮುಂದೆ ಗುರಾಣೀಲಿ ಏನಾದರೂ ಇರಬೇಕಲ್ಲ. ಏನು ಬರೆಸ್ತೀಯಾ? ನಿಮ್ಮಪ್ಪನ ಕುಣಿಕೆಯಾ?"

ಇಷ್ಟು ವರ್ಷ ಇಂಥ ಮಾತಿಗೆ ನಾನು ಸುಮ್ಮನಾಗುತ್ತಿದ್ದೆ. ಆ ದಿನವೂ ಸಿಪ್ಪೆ ಹೆರೆಯುತ್ತಲೇ ಹೋದೆ. ಆದರೆ ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿಸಿ ಬಾಸ್ಟನ್ನಿಗೆ ಹೇಳಿಕಳಿಸಿದೆ.

ಪ್ರಿವೆಟ್ ಬಂದು ಹಲಗೆಯನ್ನು ಇಳಿಸಿ ಹಜಾರದ ನೆಲದ ಮೇಲೆ ಮಲಗಿಸಿದ. ನನ್ನ ಮಾತು ಕೇಳಿ ಅವನಿಗೇನೂ ಆಶ್ಚರ್ಯವಾಗಲಿಲ್ಲ. ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದ.

"ನಿಮ್ಮ ತವರಿನ ಹೆಸರು ಗಾರ್ನಮ್ ಅಲ್ವಾ ತಾಯಿ? ಸಫೊಕ್ ಕಡೆ ಅದೇ ಹೆಸರಿನ ಮನೆತನ ಒಂದಿತ್ತು, ಈಗ ಯಾರೂ ಉಳಿದಿಲ್ಲ. ಹಸಿರಿನ ಮೇಲೆ ಚಿನ್ನದ ಜಿಂಕೆ. ಸತ್ತೋರು ಬಂದು ಜಗಳ ಮಾಡಲ್ಲ. ಬಿಯರ್ ಮಾಡೋರು, ಕಲ್ಲಿದ್ದಲು ಮಾರೋರು, ಎಲ್ಲರಿಗೂ ಹೀಗೇ ಒಂದೊಂದು ಹುಡುಕಿ ಕೊಟ್ಟಿದೀನಿ. ಜಿಂಕೆ ಚೆನ್ನಾಗಿ ಬರೀತೀನಿ ನಾನು."

ಪುಸ್ತಕದ ಆ ಪುಟ ನಿಜಕ್ಕೂ ಚೆನ್ನಾಗಿತ್ತು. ಜಿಂಕೆ ಒಂದು ಕಾಲೆತ್ತಿ ನಿಂತಿತ್ತು. ಅದು ನನ್ನದೇ ಎಂದರೆ ಯಾರು ಬೇಡವೆನ್ನುತ್ತಾರೆ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಅಪ್ಪ ನೆನಪಾದ. ಸೊಂಟಕ್ಕೆ ಸೆಣಬಿನ ನಾರು ಸುತ್ತಿಕೊಂಡು, ಎಳೆ ಬಿಡುತ್ತಾ ಬಿಡುತ್ತಾ ಉದ್ದನೆಯ ಚಪ್ಪರದಡಿ ದಿನವಿಡೀ ಹಿಂದೆ ಹಿಂದೆ ನಡೆಯುತ್ತಿದ್ದ ಮನುಷ್ಯ. ಹಗ್ಗ ಹೊಸೆಯುವವರು ಹಿಂದಕ್ಕೇ ನಡೆಯಬೇಕು.

"ಬೇಡ ಪ್ರಿವೆಟ್. ನಮ್ಮಪ್ಪ ಜಿಂಕೇನ ನೋಡಿದ್ದರೆ ಕಟುಕರ ಅಂಗಡೀಲಿ ನೋಡಿರಬೇಕು."

ಅವನು ನಕ್ಕು ಪುಸ್ತಕ ಮುಚ್ಚಿದ. "ಹಾಗಾದ್ರೆ ಹಗ್ಗಾನೇ ಬರೆಯೋಣ. ಚಿನ್ನದ ಬಣ್ಣದಲ್ಲಿ ಒಂದು ಗಂಟು. ದೊಡ್ಡ ದೊಡ್ಡ ಮನೆತನಗಳಲ್ಲೇ ಗಂಟು ಇದೆ. ಕೀಳೇನಲ್ಲ."

ಹಗ್ಗ ಸುಳ್ಳಲ್ಲ, ಜಿಂಕೆಯ ಹಾಗಲ್ಲ. ಆದರೆ ಅಪ್ಪ ಹಗ್ಗ ಮಾರಿ ನಮ್ಮನ್ನು ಸಾಕಿದನೇ ಹೊರತು ಅದನ್ನು ಚಿನ್ನದ ನೀರಿನಲ್ಲಿ ಅದ್ದಿ ಎದೆಯ ಮೇಲೆ ತೂಗುಹಾಕಿಕೊಂಡಿರಲಿಲ್ಲ. ನಾನು ಈಗ ಹಾಗೆ ಮಾಡಿದರೆ, ಅವನು ಅವನಾಗಿದ್ದುದು ಸಾಲದು, ಇವರ ಹಾಗೆ ಕಾಣಬೇಕು ಎಂದು ನಾನೂ ಒಪ್ಪಿದಂತಾಗುತ್ತದೆ.

"ಅದೂ ಬೇಡ," ಎಂದೆ. "ಬಲಗಡೆಯ ಅರ್ಧಾನ ಎರಡು ಮಾಡು. ಮೇಲೆ ಆಗಸ್ಟಾದು ಬರಿ. ಕೆಳಗೆ ನನ್ನ ಪಾಲು ಬರಿದಾಗಿರಲಿ. ಅದರ ಹಿಂದೆ ಮಾತ್ರ ಬಿಳಿ ಬಳಿ."

ಪ್ರಿವೆಟ್ ತಲೆ ಕೆರೆದುಕೊಂಡ. "ಬರಿದು ಅನ್ನೋ ಬಣ್ಣ ಇಲ್ಲ ತಾಯಿ. ಬೆಳ್ಳಿ ಬಳಿದರೆ ಬೆಳ್ಳಿ ನೆಲದ ಯಾವುದೋ ಮನೆತನ ಅಂತ ಓದ್ತಾರೆ. ನೀಲಿ ಬಳಿದರೂ ಅಷ್ಟೆ. ಗುರಾಣಿ ಒಳಗೆ ಏನು ಬಳಿದರೂ ಅದು ಯಾರದೋ ಆಗಿಬಿಡುತ್ತೆ."

"ಹಾಗಾದ್ರೆ ಬಳೀಬೇಡ. ಹೆರೆದುಬಿಡು. ಮರ ಕಾಣಲಿ."

"ಮರವಾ?"

"ಮರಾನೇ."

ಬಾಗಿಲ ಹತ್ತಿರ ಕೋಲಿನ ಸದ್ದಾಯಿತು. ಅತ್ತಿಗೆ ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ತಿಳಿಯದು.

"ಹಲಗೆ ಮೇಲೆ ಚಾಕು ಇಟ್ಟರೆ ಈ ಹೊಸಿಲು ಮತ್ತೆ ತುಳೀಬೇಡ ಪ್ರಿವೆಟ್," ಎಂದು ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ಸತ್ತವಳ ಪಾಲನ್ನೂ ಅರ್ಧ ಮಾಡ್ತೀಯಾ? ಕೊಕ್ಕರೆ ಪಕ್ಕದಲ್ಲಿ ಒಂದು ತುಂಡು ಸೌದೆ ಇಟ್ಟು ಊರವರ ಮುಂದೆ ನೇತುಹಾಕ್ತೀಯಾ? ಎಲ್ಲರೂ ನಗ್ತಾರೆ."

"ನಗಲಿ ಅತ್ತಿಗೆ. ನಗಬೇಕಾದ್ರೂ ನಾನು ಅಲ್ಲಿ ಇರಬೇಕಲ್ಲ. ಈಗ ನಾನು ಇಲ್ಲವೇ ಇಲ್ಲ."

ಅವರು ಕುರ್ಚಿ ಹುಡುಕಿ ಕುಳಿತರು. ಕೋಪ ಇನ್ನೂ ಮುಖದಲ್ಲಿತ್ತು, ಆದರೆ ಮುಂದಿನ ಮಾತು ನಾನು ಕಾಯುತ್ತಿದ್ದ ಕಡೆಯಿಂದ ಬರಲಿಲ್ಲ.

"ನನ್ನ ಹಲಗೆ ಹೇಗಿರುತ್ತೆ ಗೊತ್ತಾ ನಿನಗೆ?" ಎಂದರು. "ಮದುವೆಯಾಗದೋಳಿಗೆ ಗುರಾಣಿ ಕೊಡಲ್ಲ. ಯುದ್ಧಕ್ಕೆ ಹೋಗೋಳಲ್ಲವಲ್ಲ! ಒಂದು ವಜ್ರದ ಆಕಾರ, ಅದರೊಳಗೆ ಅಪ್ಪನ ಕೊಕ್ಕರೆಗಳು, ಅಷ್ಟೆ. ಸುತ್ತ ಪೂರ್ತಿ ಕಪ್ಪು. ಚಿಕ್ಕೋಳಿದ್ದಾಗ ಚರ್ಚಿನಲ್ಲಿ ಸೋದರತ್ತೆದು ನೋಡ್ತಾ ಕೂರ್ತಿದ್ದೆ, ಅವರೂ ಮದುವೆಯಾಗಿರಲಿಲ್ಲ. ಉಪದೇಶ ಮುಗಿಯೋವರೆಗೂ ಅದರಲ್ಲಿ ಎಲ್ಲಾದರೂ ಒಂಚೂರು ಬಿಳಿ ಇದೆಯಾ ಅಂತ ಹುಡುಕ್ತಿದ್ದೆ. ಇರಲಿಲ್ಲ. ಈಕೆ ಹೋದಾಗ ಉಳಿದೋರು ಯಾರೂ ಇಲ್ಲ ಅಂತ ಅದರ ಅರ್ಥ. ನಿನಗೇನು, ಹಗ್ಗದೋನ ಮಗಳು ಬಂದು, ನನಗೆ ಈ ಜನ್ಮದಲ್ಲಿ ಸಿಗದೇ ಇರೋ ಬಿಳೀನ ಹೆರೆಸಿ ತಗೋತೀಯ."

ಪ್ರಿವೆಟ್ ಕುಂಚಗಳನ್ನು ಒಂದೊಂದಾಗಿ ಒರೆಸತೊಡಗಿದ.

ಇಷ್ಟು ವರ್ಷ ಇವರಿಗೆ ನನ್ನ ಹುಟ್ಟಿನ ಮೇಲೆ ತಾತ್ಸಾರ ಎಂದು ತಿಳಿದಿದ್ದೆ. ಅದೂ ಇತ್ತೆನ್ನಿ. ಆದರೆ ಅದರ ಅಡಿಯಲ್ಲಿ ಇದೊಂದು ಇದೆ ಎಂದು ನನಗೆ ಹೊಳೆದಿರಲಿಲ್ಲ. ಊಟದ ಮೇಜಿನಲ್ಲಿ ನಾನು ಕಾದು ಬಡಿಸಿಕೊಳ್ಳುತ್ತಿದ್ದಾಗ, ಜರ್ವೇಸ್ ನನ್ನ ತಟ್ಟೆಯ ಕಡೆ ಒಮ್ಮೆ ನೋಡಿ ತನ್ನ ಪಾಲಿನ ಒಳ್ಳೆಯ ತುಂಡನ್ನು ನನಗೆ ದಾಟಿಸುತ್ತಿದ್ದ. ಅತ್ತಿಗೆ ಆಗ ಕಿಟಕಿಯ ಹೊರಗೆ ನೋಡುತ್ತಿದ್ದರು. ಅದು ನಮ್ಮ ಮೇಲಿನ ಅಸಹ್ಯ ಎಂದು ನಾನು ಓದಿದ್ದೆ. ಓದುವುದರಲ್ಲಿ ಸ್ಕೆಲ್ಡನ್ ಒಬ್ಬರೇ ತಪ್ಪಿದವರಲ್ಲ.

ಬಿಟ್ಟುಕೊಡೋಣವೇ ಎಂದು ಆಗ ಅನ್ನಿಸಿದ್ದು ನಿಜ. ಬಿಟ್ಟುಕೊಡುವುದು ನನಗೆ ರೂಢಿಯಾದ ಕೆಲಸ. ಆದರೆ ನಾನು ಬಿಟ್ಟರೆ ಆ ಬಿಳಿ ಅವರ ಹಲಗೆಗೆ ಹೋಗಿ ಸೇರುವುದಿಲ್ಲವಲ್ಲ. ಎರಡು ಹಲಗೆಗಳೂ ಕಪ್ಪಾಗಿ ಉಳಿಯುತ್ತವೆ, ಅಷ್ಟೇ.

"ನಾನಿರ್ತೀನಲ್ಲ ಅತ್ತಿಗೆ," ಎಂದೆ. "ನಿಮ್ಮದು ಬರೆಸೋ ಹೊತ್ತಿಗೆ."

"ತಮ್ಮನ ಹೆಂಡತಿಗೆ ಬಿಳಿ ಬಳಿಯೋ ಪದ್ಧತಿ ಎಲ್ಲೂ ಇಲ್ಲ."

"ಇಲ್ಲ. ಆದ್ರೂ ಇರ್ತೀನಿ."

"ನೀನೇ ಮೊದಲು ಹೋದರೆ?"

"ಆಗ ನನ್ನದು ನೀವು ಬರೆಸಿ."

"ಏನಂತ ಬರೆಸಲಿ, ನಿನಗೆ ಲಾಂಛನವೇ ಇಲ್ಲವಲ್ಲೇ!" ಎಂದರು ಅತ್ತಿಗೆ, ನಿಜವಾದ ಗಾಬರಿಯಿಂದ. ಮರುಗಳಿಗೆ ತಮ್ಮ ಮಾತು ತಮಗೇ ಕೇಳಿಸಿ ಬಾಯಿ ಮುಚ್ಚಿಕೊಂಡರು. ನನ್ನ ಹಲಗೆಯನ್ನು ತಾವೇ ಬರೆಸಬೇಕಾಗುತ್ತದೆ ಎಂಬುದನ್ನು ಅವರು ಆಗಲೇ ಒಪ್ಪಿಬಿಟ್ಟಿದ್ದರು. ಪ್ರಿವೆಟ್ ಕೆಮ್ಮಿದ. ನಾನು ನಕ್ಕೆ, ಗಂಡ ಸತ್ತ ಮೇಲೆ ಮೊದಲ ಸಲ. ಅತ್ತಿಗೆ ನಗಲಿಲ್ಲ. ಕೋಲೂರಿ ಎದ್ದರು, ನೆಲದ ಮೇಲಿನ ಹಲಗೆಯ ಸುತ್ತ ನಿಧಾನವಾಗಿ ನಡೆದು ಬಂದರು.

"ಕೊಕ್ಕರೆಗಳಿಗೆ ಚಾಕು ತಾಗಬಾರದು," ಎಂದು ಪ್ರಿವೆಟ್‌ಗೆ ಹೇಳಿ ಹೊರಗೆ ಹೋದರು.

ತೆನೆಕಟ್ಟು ಮೇಲಕ್ಕೆ ಸರಿದು ಚಿಕ್ಕದಾಯಿತು. ಕೆಳಗಿನ ಪಾಲನ್ನು ಪ್ರಿವೆಟ್ ಹೆರೆದ. ಕೆಂಪು ಹೋಯಿತು, ಅದರಡಿಯ ಸುಣ್ಣದ ಪುಡಿ ಹೋಯಿತು, ಪೈನ್ ಮರದ ಗೆರೆಗಳು ಕಂಡವು. ಗುರಾಣಿಯ ಅಂಚಿನಾಚೆ ಆ ಭಾಗದ ಹಿನ್ನೆಲೆಗೆ ಬಿಳಿ ಬಳಿದ. ಒಂದು ಪದರ ಸಾಲಲಿಲ್ಲ. ಕೆಳಗಿನ ಕಪ್ಪು ಮತ್ತೆ ಮತ್ತೆ ಬೂದಿಯಾಗಿ ಮೇಲೆ ಬರುತ್ತಿತ್ತು. ಅದು ಅಡಗುವವರೆಗೂ ಅವನು ಒಣಗಿಸಿ ಬಳಿಯುತ್ತಲೇ ಹೋದ.

ಊರವರು ನಕ್ಕರು. ಚಿತ್ರಗಾರ ಕೂಲಿ ಸಾಲದೆ ಅರ್ಧಕ್ಕೇ ಬಿಟ್ಟುಹೋದನಂತೆ ಎಂದರು. ಯಾವಾಗ ಮುಗಿಯುತ್ತದೆ ಎಂದು ಪಾದ್ರಿಯವರ ಹೆಂಡತಿ ಕೇಳಿದಾಗ ಮುಗಿದಿದೆ ಎಂದೆ. ಆಕೆಗೆ ಅರ್ಥವಾದಂತೆ ಕಾಣಲಿಲ್ಲ. ಆದರೆ ಅದರ ಮುಂದೆ ನಿಂತ ಯಾರೂ ಮತ್ತೆ ತಮ್ಮ ಟೋಪಿಯನ್ನು ನನ್ನ ಕೈಗೆ ಕೊಡಲಿಲ್ಲ. ಬಿಳಿ ಇದೆ, ವಿಧವೆ ಇದ್ದಾಳೆ. ಯಾರ ಮಗಳೋ ತಿಳಿಯದು, ಇದ್ದಾಳೆ.

ಈಗ ಹಲಗೆ ಚರ್ಚಿನಲ್ಲಿದೆ. ಒಂದು ಭಾನುವಾರ ಉಪದೇಶದ ನಡುವೆ ಒಂದು ಮಾತು ಹೊಳೆಯಿತು. ನಾನು ಸತ್ತ ಮೇಲೂ ಅದನ್ನು ಯಾರೂ ಕಪ್ಪು ಮಾಡುವುದಿಲ್ಲ. ಜರ್ವೇಸ್‌ನ ಹಲಗೆಯ ಮೇಲೆ ನಾನು ಯಾವಾಗಲೂ ಅವನ ಹಿಂದೆ ಉಳಿದವಳೇ. ಇದು ಸಮಾಧಾನವೋ ಶಿಕ್ಷೆಯೋ ಗೊತ್ತಿಲ್ಲ. ಕೆಲವು ದಿನ ಒಂದು, ಕೆಲವು ದಿನ ಇನ್ನೊಂದು.

ಬಣ್ಣವಿಲ್ಲದ ಮರವನ್ನು ಸಮುದ್ರದ ಗಾಳಿ ತಿಂದುಹಾಕುತ್ತದೆ, ಆಗಾಗ ಅಗಸೆ ಎಣ್ಣೆ ಉಜ್ಜಬೇಕು ಎಂದು ಪ್ರಿವೆಟ್ ಹೇಳಿದ್ದಾನೆ. ಆಳುಗಳನ್ನು ಕಳಿಸಬಹುದು, ಆದರೆ ನಾನೇ ಏಣಿ ಹತ್ತುತ್ತೇನೆ. ಅತ್ತಿಗೆ ಜೊತೆಗೆ ಬರುತ್ತಾರೆ. ಕೋಲನ್ನು ಬೆಂಚಿಗೆ ಒರಗಿಸಿ ಎರಡೂ ಕೈಯಲ್ಲಿ ಏಣಿ ಹಿಡಿದುಕೊಳ್ಳುತ್ತಾರೆ. ನಾನು ಬಿದ್ದರೆ ಆ ಕೈಗಳು ತಡೆಯಲಾರವು, ಅದು ಇಬ್ಬರಿಗೂ ಗೊತ್ತು.

"ನೋಡ್ಕೊಂಡು ಮಾಡೇ," ಎಂದು ಕೆಳಗಿನಿಂದ ಬಯ್ಯುತ್ತಾರೆ. "ಎಣ್ಣೆ ನನ್ನ ಕೊಕ್ಕರೆ ಮೇಲೆ ಹರೀತಿದೆ."

"ಹರೀತಿಲ್ಲ ಅತ್ತಿಗೆ."

"ಹರೀತಿದೆ. ನನಗೆ ಕಾಣಲ್ವಾ? ಒರೆಸು."

ನಾನು ಒರೆಸುತ್ತೇನೆ.